ಬ್ಯಾಡ ಅಂದ್ರ ಬ್ಯಾಡ

ಬಂದವರು ಚಹಾ ಬೇಡ ಎನ್ನಬೇಕು, ಮನೆಯವರು ಬಿಡಬಾರದು. ಇನ್ನೊಮ್ಮೆ ಬೇಡ ಎನ್ನಬೇಕು, ಆಗಲೂ ಬಿಡಬಾರದು. ಮೂರನೆಯ ಸಲಕ್ಕೆ 'ಆತು, ಅರ್ಧ ಕಪ್ ಕೊಡ್ರಿ' ಎಂದು ತುಂಬಿದ ಕಪ್ಪನ್ನೇ ಖಾಲಿ ಮಾಡಬೇಕು. ಕಡಗಂಚಿಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಆದರೆ ಸುಭದ್ರಾಬಾಯಿಯ ಮಗ ಕಲ್ಲಿನಾಥನಿಗೆ ಇಂಥವೆಲ್ಲ ಹೇಳಿಕೊಡದೆ ಬರುವಂಥವಲ್ಲ. ಇಪ್ಪತ್ತೆರಡರ ಹುಡುಗ, ಆಟಿಸಂ ಇದೆ. ಮೊದಲು ಸಾಕೆಂದವರ ತಾಟಿಗೂ ರೊಟ್ಟಿ ಒಟ್ಟುತ್ತಿದ್ದ. ಅವನಿಗೆ ಕಲಿಸಲು ಆಳಂದದಿಂದ ವಾರಕ್ಕೊಮ್ಮೆ ಬರುವ ನೀತಾ ಟೀಚರ್ ಗೋಡೆಗೆ ಒಂದು ಚೀಟಿ ಅಂಟಿಸಿದಳು: 'ಬ್ಯಾಡ ಅಂದ್ರ ಬ್ಯಾಡ.' ಅಂದಿನಿಂದ ನೆಂಟರಿಗೆಲ್ಲ ಉಪವಾಸ. ಸುಭದ್ರಾಬಾಯಿಯ ಭಾವ ಶಿವರಾಯ ಎರಡು ಸಲ ಬಾಯಾರಿ ಹೋದವರು, ಮೂರನೆಯ ಸಲ ಹೋಟೆಲಿನಲ್ಲಿ ಕುಡಿದೇ ಬಂದರು.

ಇವತ್ತು ಬರುವವನು ಅಬ್ರಾರ. ವಿಶ್ವವಿದ್ಯಾಲಯದ ಗೇಟಿನ ಹತ್ತಿರ ಚಹಾದಂಗಡಿ ಇಟ್ಟವನು. ಹುಡುಗನನ್ನು ನೋಡಿ, ಕೆಲಸಕ್ಕೆ ಇಟ್ಟುಕೊಳ್ಳುವ ಮಾತು ಹೇಳುತ್ತೇನೆ ಎಂದಿದ್ದ. ಕಲ್ಲಿನಾಥ ಮೂರು ದಿನದಿಂದ ಹೊಸ ಏಪ್ರನ್ ಕಟ್ಟಿಕೊಂಡೇ ಮಲಗುತ್ತಿದ್ದ.

ಬಿಸಿಲಲ್ಲಿ ಬೆಂದು ಬಂದ ಅಬ್ರಾರ ಕೂತ. ಕಲ್ಲಿನಾಥ ಟ್ರೇ ಹಿಡಿದ.

"ಬ್ಯಾಡ್ರಿ, ಈಗರೆ ಕುಡದು ಬಂದೀನಿ."

ಕಲ್ಲಿನಾಥ ತಿರುಗಿ ಟ್ರೇ ಸಮೇತ ಒಳಗೆ ನಡೆದ. ಸುಭದ್ರಾಬಾಯಿ ಅರ್ಧ ಎದ್ದು ಕೂಗಿದಳು. "ಲೇ ಕಲ್ಲೂ, ತೊಗೊಂಬಾ ಇಲ್ಲಿ!"

"ಬ್ಯಾಡ ಅಂದ್ರು," ಎಂದು ಅವನು ಗೋಡೆಯ ಚೀಟಿಗೆ ಬೆರಳು ತೋರಿಸಿದ.

ಕೆಲಸ ಕೈತಪ್ಪಿತು ಎಂದುಕೊಂಡಳು ಆಕೆ. ಅಬ್ರಾರ ಚೀಟಿ ಓದಿದ, ಶುಂಠಿಯ ವಾಸನೆಗೆ ಉಗುಳು ನುಂಗಿದ, ಕೊನೆಗೆ ಸೋತ. "ಬೇಕಪ್ಪಾ. ಗಂಟಲ ಒಣಗಿ ಹೋಗ್ಯಾದ."

ಮಾತು ಮುಗಿಯುವ ಮೊದಲೇ ಕಪ್ ಕೈಯಲ್ಲಿತ್ತು. ಒಂದೇ ಉಸಿರಿಗೆ ಕುಡಿದು ಅಬ್ರಾರ ನಕ್ಕ. "ಅಕ್ಕಾರ, ನನ್ನ ಅಂಗಡ್ಯಾಗ ಹೇಳಿದ್ದು ಕೇಳೋರೇ ಇಲ್ಲ. ನಾಳಿಂದ ಕಳಸ್ರಿ. ಮುಂಜಾನಿ ನಾನೇ ಬಂದು ಕರ್ಕೊಂಡು ಹೋಗ್ತೇನಿ, ಸಂಜಿಗಿ ತಂದು ಬಿಡ್ತೇನಿ."

"ಅಯ್ಯ, ಬ್ಯಾಡ ಬ್ಯಾಡ್ರಿ, ನಿಮಗ್ಯಾಕ ಸುಮ್ನ ತ್ರಾಸ!"

ನಾಲಿಗೆ ತಾನಾಗಿ ಆಡಿತ್ತು. ಇಪ್ಪತ್ತೆರಡು ವರ್ಷ ಯಾರೇ ಸಹಾಯಕ್ಕೆ ಬರುತ್ತೇನೆಂದರೂ ಆಕೆ ಆಡಿದ ಮಾತು ಇದೇ. ಚಹಾಕ್ಕೆ ಮೂರು ಸಲ ಒತ್ತಾಯಿಸುವ ಊರು, ಈ ಮಾತಿಗೆ ಮಾತ್ರ ಒಂದೇ ಸಲಕ್ಕೆ ಎದ್ದು ಹೋಗಿತ್ತು. ಆಕೆಗೆ ಆ ಸಿಟ್ಟು ಇನ್ನೂ ಆರಿರಲಿಲ್ಲ.

ಹಿಂದೆ ಏನೋ ಸರಿದ ಸದ್ದಾಯಿತು. ಕಲ್ಲಿನಾಥ ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಗೋಡೆಯ ಮಾಡದಲ್ಲಿ ಇಡುತ್ತಿದ್ದ. ಮುಖದಲ್ಲಿ ಏನೂ ಇಲ್ಲ, ಬೆರಳುಗಳು ಮಾತ್ರ ಬಟ್ಟೆಯನ್ನು ಬಿಡುತ್ತಿರಲಿಲ್ಲ.

"ಹಂಗಲ್ಲೋ ಅಪ್ಪಾ, ಅದು ಮರ್ಯಾದಿಗಿ ಅಂದಿದ್ದು..."

"ಯವ್ವಾ, ಬ್ಯಾಡ ಅಂದ್ರ ಬ್ಯಾಡ."

ಅಬ್ರಾರ ಇನ್ನೊಮ್ಮೆ ಒತ್ತಾಯ ಮಾಡಿದ್ದರೆ ಆಕೆ ಬಚಾವಾಗುತ್ತಿದ್ದಳು. ಆದರೆ ಆ ಕಿಲಾಡಿ ಖಾಲಿ ಕಪ್ಪಿನಲ್ಲಿ ನಗು ಮುಚ್ಚಿಕೊಂಡು ಸುಮ್ಮನೆ ಕಾಯುತ್ತಿದ್ದ.

ಸುಭದ್ರಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ನಾಚಿಕೆಯಾಯಿತು, ಅಳುವೂ ಬಂತು. "ಬೇಕ್ರಿ," ಎಂದಳು. "ನೀವು ಬರಬೇಕು. ನನಗ ಭಾಳ ಬೇಕಾಗ್ಯಾದ್ರಿ."

ಕಲ್ಲಿನಾಥ ಮಾಡದಿಂದ ಏಪ್ರನ್ ತೆಗೆದು ಮತ್ತೆ ಕಟ್ಟಿಕೊಂಡ. ಗಂಟು ಸರಿಯಾಗಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿ, ಕಿಟ್ಲಿ ಹಿಡಿದು ಅಬ್ರಾರನ ಮುಂದೆ ನಿಂತ.

"ಇನ್ನೊಂದು ಕಪ್?"

"ಬ್ಯಾ..." ಎಂದ ಅಬ್ರಾರ ನಾಲಿಗೆ ಕಚ್ಚಿಕೊಂಡು ಕಪ್ ಮುಂದೆ ಚಾಚಿದ.