ಓದುವ ಬಡವ ಬೇಕಾಗಿದ್ದಾನೆ

ಈ ವರ್ಷ ಯಾವ ಬಡ ಹುಡುಗನೂ ಅರ್ಜಿ ಹಾಕಿಲ್ಲ ಎಂದು ಎಡ್ವಿನ್ ಮಾಸ್ತರರು ಹೇಳಿದಾಗ ಜಲಜಾಕ್ಷಿಯಮ್ಮನಿಗೆ ಮೊದಲು ಅದು ತಲೆಗೇ ಹೋಗಲಿಲ್ಲ.

"ಎಂತ ಮಾಸ್ಟ್ರೇ, ಮಂಗಳೂರಿನಲ್ಲಿ ಬಡವರು ಮುಗಿದು ಹೋದರಾ?"

"ಬಡವರು ಬೇಕಾದಷ್ಟು ಉಂಟು ಅಮ್ಮ. ಆದರೆ..." ಹಂಪನಕಟ್ಟೆಯ ಹೈಸ್ಕೂಲಿಗೆ ಹೆಡ್‌ಮಾಸ್ಟರರಾಗಿದ್ದ ಎಡ್ವಿನ್ ಮಾಸ್ತರರು ಟೊಪ್ಪಿಯನ್ನು ಮೊಣಕಾಲ ಮೇಲಿಟ್ಟು ಅದರ ಅಂಚನ್ನೇ ಸವರುತ್ತ ಕೂತರು. "ಮಕ್ಕಳಿಗೆ ಸ್ವಲ್ಪ ನಾಚಿಕೆ."

ನಾಚಿಕೆ ಯಾಕೆಂದು ಹೇಳುವ ಧೈರ್ಯ ಅವರಿಗಿರಲಿಲ್ಲ. ಜಲಜಾಕ್ಷಿಯಮ್ಮನ ಗಂಡ ಮಹಾಬಲ ಹೆಗ್ಡೆಯವರು ತೀರಿಕೊಂಡ ಮೇಲೆ, ಸುರತ್ಕಲ್ಲಿನ ಗದ್ದೆಗಳ ಗೇಣಿಯಲ್ಲಿ ಆಕೆ ಅವರ ಹೆಸರಿನಲ್ಲೊಂದು ವಿದ್ಯಾರ್ಥಿವೇತನ ಇಟ್ಟಿದ್ದರು. ವರ್ಷದ ಫೀಸು, ಪುಸ್ತಕ, ಬಟ್ಟೆ, ಎಲ್ಲವೂ ಅದರಲ್ಲೇ. ಪ್ರತಿಯಾಗಿ ಹುಡುಗ ಆದಿತ್ಯವಾರ ಮನೆಗೆ ಊಟಕ್ಕೆ ಬರಬೇಕು. ಶಾಲೆಯ ವಾರ್ಷಿಕೋತ್ಸವದ ದಿನ ಹೆಗ್ಡೆಯವರ ಕಪ್ಪು ಕೋಟು ತೊಟ್ಟು, ಅವರ ಪಟದ ಪಕ್ಕ ನಿಂತು, ಪಂಡಿತರು ಅವರನ್ನು ಹೊಗಳಿ ಬರೆದುಕೊಟ್ಟ ಪ್ರಶಸ್ತಿಯನ್ನು ಗಟ್ಟಿಯಾಗಿ ಓದಬೇಕು. ಹೆಗ್ಡೆಯವರೋ ಬಾಗಿಲಿಗೆ ತಲೆ ತಾಗುವಂಥ ಆಳು. ಕಳೆದ ವರ್ಷದ ಹುಡುಗ ಸಭೆಗೆ ಕೈಮುಗಿದಾಗ ನಮಸ್ಕಾರ ಮಾಡಿದ್ದು ಕೋಟಿನ ತೋಳುಗಳು ಮಾತ್ರ. ಕೈಗಳು ಎಲ್ಲೋ ಒಳಗಿದ್ದವು. ಆಮೇಲೆ ಇಡೀ ಶಾಲೆ ಅವನನ್ನು 'ಕೋಟು ಹೆಗ್ಡೆ' ಎಂದು ಕರೆದೂ ಕರೆದೂ, ಅವನು ಓದು ಬಿಟ್ಟು ಬೊಂಬಾಯಿಯ ಹೋಟೆಲಿಗೆ ಓಡಿಹೋಗಿದ್ದ.

ಮಾಸ್ತರರು ಹೋದ ಮೇಲೆ ಜಲಜಾಕ್ಷಿಯಮ್ಮ ಬಹಳ ಹೊತ್ತು ಚಾವಡಿಯಲ್ಲೇ ಕೂತಿದ್ದರು. ಉತ್ಸವಕ್ಕೆ ಒಂದೇ ವಾರ ಉಳಿದಿತ್ತು. ವರ್ಷವಿಡೀ ಆ ಮನೆಗೆ ಬಂದವರೆಲ್ಲ ಗದ್ದೆಯ ಮಾತಾಡುತ್ತಿದ್ದರು, ಗೇಣಿಯ ಮಾತಾಡುತ್ತಿದ್ದರು. ಗಂಡನ ಹೆಸರೆತ್ತುವವರು ಯಾರೂ ಇರಲಿಲ್ಲ. ಆ ಒಂದು ಸಂಜೆ ಮಾತ್ರ ತುಂಬಿದ ಸಭೆಯಲ್ಲಿ ಯಾರೋ ಒಬ್ಬರು "ಮಹಾಬಲ ಹೆಗ್ಡೆಯವರು" ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ಆ ಸಂಜೆಗಾಗಿ ಆಕೆ ವಾರ ಮೊದಲೇ ಸೀರೆಗೆ ಗಂಜಿ ಹಾಕಿಸುತ್ತಿದ್ದರು.

ಮರುದಿನ ಬೆಳಿಗ್ಗೆ ಕುದುರೆಗಾಡಿ ಹತ್ತಿದರು.

"ಎಲ್ಲಿಗೆ ಅಮ್ಮ?" ಎಂದು ಗಾಡಿಯ ಸಂಕಪ್ಪ ಕೇಳಿದ.

"ಬಡವರಿರುವಲ್ಲಿಗೆ."

"ಹಾಗಾದರೆ ಮೊದಲು ನನ್ನ ಮನೆಯೇ ಸಿಗ್ತದೆ."

"ನಿನ್ನ ಮಕ್ಕಳು ಓದ್ತಾರಾ?"

"ಇಲ್ಲ."

"ಮತ್ತೆಂತಕ್ಕೆ? ಮುಂದೆ ಹೊಡಿ."

ಮೊದಲನೆಯ ಮನೆಯಲ್ಲಿ ಗಾಡಿಯ ಸದ್ದು ಕೇಳಿದ್ದೇ ತಾಯಿ ಮಗನನ್ನು ಬಚ್ಚಲುಮನೆಗೆ ದೂಡಿ ಚಿಲಕ ಹಾಕಿದಳು. ಎರಡನೆಯ ಮನೆಯವನು, "ನಮಗೆ ದೇವರು ಕೊಟ್ಟದ್ದು ಧಾರಾಳ ಉಂಟು" ಎಂದು ಅಂಗಳದಲ್ಲಿದ್ದ ಏಕೈಕ ಕೋಳಿಯನ್ನು ತೋರಿಸಿದ. ಅಲೆದಲೆದು ಬಿಕರ್ನಕಟ್ಟೆಯ ಗುಡ್ಡದ ಬದಿಗೆ ಬಂದಾಗ ಹೊತ್ತು ನೆತ್ತಿಗೇರಿತ್ತು. ಅಲ್ಲಿ ಬಾಗಿ ಎಂಬವಳ ಮನೆ. ಗೇರುಬೀಜದ ಕಾರ್ಖಾನೆಯ ಕೆಲಸ. ಬೀಜದ ಎಣ್ಣೆ ತಾಗಿ ಅವಳ ಬೆರಳೆಲ್ಲ ಕಪ್ಪಾಗಿತ್ತು.

"ಓ, ಕೋಟಿನ ಅಮ್ಮನಾ? ಬನ್ನಿ, ಕೂತುಕೊಳ್ಳಿ" ಎಂದಳು ಬಾಗಿ.

ಊರು ತನ್ನನ್ನು ಹೀಗೆ ಕರೆಯುತ್ತದೆಂದು ಜಲಜಾಕ್ಷಿಯಮ್ಮನಿಗೆ ತಿಳಿದದ್ದು ಆಗಲೇ. ಕೂತರು, ಆದರೆ ನೆಟ್ಟಗೆ ಕೂತರು.

"ಸಹಾಯ ಬೇಡ ಅನ್ನುವಷ್ಟು ದೊಡ್ಡವರಲ್ಲ ನಾವು" ಎಂದಳು ಬಾಗಿ. "ಫೀಸು ಕಟ್ಟದಿದ್ದರೆ ಬರುವ ತಿಂಗಳಿನಿಂದ ನನ್ನ ಮಗಳೂ ಕಾರ್ಖಾನೆಗೆ ಬರುವುದೇ. ಕಿನ್ನೀ, ಬಾ ಇಲ್ಲಿ."

"ಇದು ಹುಡುಗರಿಗೆ ಇಟ್ಟದ್ದಲ್ಲವಾ?" ಎಂದರು ಜಲಜಾಕ್ಷಿಯಮ್ಮ.

ಬಾಗಿಲ ಸಂದಿಯಿಂದ ಹೊರಗೆ ಬಂದ ಕಿನ್ನಿ ಕೇಳಿದಳು: "ಕೋಟು ತಾನೇ ಅಮ್ಮ? ನಾನು ತೊಡ್ತೇನೆ. ಆದರೆ ಅದನ್ನು ಕತ್ತರಿಸಿ ಹೊಲಿಸಬೇಕು. ನನಗೊಂದು ಜಾಕೀಟು, ತಮ್ಮನಿಗೊಂದು ಚಡ್ಡಿ ಆಗ್ತದೆ."

ಹೆಗ್ಡೆಯವರ ಕೋಟಿನಲ್ಲಿ ಚಡ್ಡಿ! ಜಲಜಾಕ್ಷಿಯಮ್ಮ ಎದ್ದು ಸೀದಾ ಗಾಡಿ ಹತ್ತಿದರು. ಸ್ವಲ್ಪ ದೂರ ಹೋದ ಮೇಲೆ ಸಂಕಪ್ಪ ಮೆಲ್ಲಗೆ, "ಬೇರೆ ಬಡವರನ್ನು ನೋಡುವುದಾ?" ಎಂದ.

"ಬೇಡ. ಈ ಊರಿನಲ್ಲಿ ಎಲ್ಲರೂ ಸ್ಥಿತಿವಂತರೇ!"

ಆ ಸಿಟ್ಟು ವಾರವಿಡೀ ಉಳಿಯಿತು. ಆದರೆ ಉತ್ಸವದ ದಿನ ಗಂಜಿ ಹಾಕಿದ ಸೀರೆ ಉಟ್ಟು ಪಟದ ಧೂಳು ಒರೆಸುವಾಗ, ಇವತ್ತು ಈ ಪಟದ ಪಕ್ಕ ಯಾರೂ ನಿಲ್ಲುವುದಿಲ್ಲವಲ್ಲ ಎಂದು ಆಕೆಗೆ ದುಃಖ ಉಕ್ಕಿಬಂತು. ಪಟವನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಬಿಕರ್ನಕಟ್ಟೆಗೆ ಹೋದರು.

"ಕೋಟು ಬೇಡ. ಬಾ" ಎಂದರು ಕಿನ್ನಿಗೆ.

ದಾರಿಯಲ್ಲಿ ಕಿನ್ನಿ ಪ್ರಶಸ್ತಿಯನ್ನು ಬಾಯಿಪಾಠ ಮಾಡತೊಡಗಿದಳು. "ವಿದ್ಯಾಸಾಗರರೂ ಜ್ಞಾನನಿಧಿಗಳೂ... ಇವರು ಎಷ್ಟು ಓದಿದ್ದರು ಅಮ್ಮ?"

ಮುಂದೆ ಕೂತ ಸಂಕಪ್ಪ ಕೆಮ್ಮಿದ.

"ಕಾಲೇಜಿನ ಎಫ್.ಎ. ಪರೀಕ್ಷೆಗೆ ಕೂತಿದ್ದರು."

"ಪಾಸಾ?"

"ಮೂರು ಸಲ ಕೂತಿದ್ದರು."

ಕಿನ್ನಿ ಕಣ್ಣರಳಿಸಿದ್ದನ್ನು ನೋಡಿ ಜಲಜಾಕ್ಷಿಯಮ್ಮನಿಗೆ ಸುಮ್ಮನಿರಲಾಗಲಿಲ್ಲ. ಒಮ್ಮೆ ಪರೀಕ್ಷೆಯ ಹಿಂದಿನ ರಾತ್ರಿ ಬೆಳಗಿನವರೆಗೆ ಯಕ್ಷಗಾನ ನೋಡಿ ಪರೀಕ್ಷೆಯ ಕೋಣೆಯಲ್ಲಿ ನಿದ್ದೆ ಹೋದದ್ದು. ಇನ್ನೊಮ್ಮೆ ಕೋಳಿ ಅಂಕದ ಜೂಜಿನಲ್ಲಿ ಗಡಿಯಾರ ಸೋತು, ಹೊತ್ತು ತಿಳಿಯದೆ ತಡವಾದದ್ದು. ಮೂರನೆಯ ಸಲ ಎಲ್ಲವನ್ನೂ ಬರೆದರು, ಆದರೂ ಫೇಲು. ಅವತ್ತು ಬುಟ್ಟಿ ತುಂಬ ಹಲ್ವ ತಂದು ಬೀದಿಗೆಲ್ಲ ಹಂಚಿದರು. ಪಾಸಾ ಎಂದು ಕೇಳಿದವರಿಗೆ, "ಇಲ್ಲ, ಇನ್ನು ಪರೀಕ್ಷೆ ಇಲ್ಲ, ಅದಕ್ಕೆ" ಎಂದರು. ಆಗಷ್ಟೇ ಮದುವೆಯಾಗಿ ಬಂದಿದ್ದ ಜಲಜಾಕ್ಷಿ ಎಲ್ಲರಿಗಿಂತ ಹೆಚ್ಚು ಹಲ್ವ ತಿಂದಿದ್ದಳು. ಹೇಳುತ್ತ ಹೇಳುತ್ತ ಆಕೆ ನಕ್ಕರು. ಮರುಕ್ಷಣವೇ ಮುಖ ಗಂಟಿಕ್ಕಿ, "ಇದೆಲ್ಲ ಅಲ್ಲಿ ಹೇಳಬೇಡ" ಎಂದರು.

ಕಿನ್ನಿಗೆ ಹೇಳುವ ಉದ್ದೇಶವೇನೂ ಇರಲಿಲ್ಲ. ಆದರೆ ವೇದಿಕೆಯಲ್ಲಿ, ಎರಡನೆಯ ಸಾಲಿನ 'ವಿದ್ವಜ್ಜನಮನೋರಂಜಕ'ದಲ್ಲಿ ನಾಲಿಗೆ ಸಿಕ್ಕಿಕೊಂಡಿತು. ಮತ್ತೆ ಪ್ರಯತ್ನಿಸಿದಳು; 'ವಿಜ್ಜದ್ವನ' ಆಯಿತು. ಮುಂದಿನ ಬೆಂಚಿನ ಹುಡುಗರು ಕಿಸಕ್ಕೆಂದರು. ಹೆದರಿದ ಕಿನ್ನಿ ಕಾಗದ ಮಡಚಿ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು: "ಮಹಾಬಲ ಹೆಗ್ಡೆಯವರು ಮೂರು ಸಲ ಫೇಲಾದರು."

ಎಡ್ವಿನ್ ಮಾಸ್ತರರು ಕಣ್ಣು ಮುಚ್ಚಿಕೊಂಡರು. ಕಿನ್ನಿ ನಿಲ್ಲಿಸಲಿಲ್ಲ, ಯಕ್ಷಗಾನ, ಕೋಳಿ, ಹಲ್ವ, ಎಲ್ಲವೂ ಬಂತು. ಜಲಜಾಕ್ಷಿಯಮ್ಮ ಎದ್ದು ಹೋಗುವುದಕ್ಕೆ ಬಾಗಿಲು ಎಲ್ಲಿದೆ ಎಂದು ಹುಡುಕುತ್ತಿದ್ದರು. ಅಷ್ಟರಲ್ಲಿ ಅಧ್ಯಕ್ಷರ ಕುರ್ಚಿಯಿಂದ ಹಂಚಿನ ಕಾರ್ಖಾನೆಯ ಧಣಿ ಸೈಮನ್ನರು ಬೊಜ್ಜು ಕುಲುಕಿಸುತ್ತ ಎದ್ದರು.

"ಹೌದು ಮಾರಾಯ್ರೆ! ಆ ಹಲ್ವ ನಾನೂ ತಿಂದಿದ್ದೇನೆ! ಯಕ್ಷಗಾನದ ಆಟಕ್ಕೆ ಅವನನ್ನು ಎಳೆದುಕೊಂಡು ಹೋದವನು ನಾನೇ. ನಾನೂ ಫೇಲು!"

ಸಭೆ ಗೊಳ್ಳೆಂದು ನಕ್ಕಿತು. ಯಾರೋ ಮಹಾಬಲಣ್ಣನ ಇನ್ನೊಂದು ಕಥೆ ಶುರುಮಾಡಿದರು, ಹಿಂದಿನಿಂದ ಮತ್ತೊಬ್ಬರು ಅದನ್ನು ತಿದ್ದಿದರು. ಜಲಜಾಕ್ಷಿಯಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕಿನ್ನಿಯ ಫೀಸು ಮರುದಿನವೇ ಸಂದಾಯವಾಯಿತು. ಕೋಟು ದರ್ಜಿಯ ಅಂಗಡಿಗೆ ಹೋಯಿತು. ಆದಿತ್ಯವಾರದ ಊಟ ಮಾತ್ರ ಉಳಿಯಿತು. ಕೋಳಿ ಸಾರಿನ ಕೋರಿ ರೊಟ್ಟಿ ಇರುವವರೆಗೆ ಆ ಷರತ್ತು ತೆಗೆಯಬಾರದು ಎಂದು ಕಿನ್ನಿಯೇ ಹಟ ಹಿಡಿದಳು.

ಮರುವರ್ಷ ಎಡ್ವಿನ್ ಮಾಸ್ತರರು ಅರ್ಜಿಗಳ ಒಂದು ಕಟ್ಟನ್ನೇ ಹೊತ್ತು ತಂದರು. ಮುಖ ಹುಳ್ಳಗಿತ್ತು.

"ಶಾಲೆಯ ಮರ್ಯಾದೆ ಹೋಯ್ತು ಅಮ್ಮ. ಎಲ್ಲರೂ 'ನಾನು ಫೇಲು, ನಾನು ಫೇಲು' ಅಂತ ಬರೆದಿದ್ದಾರೆ. ಈ ಬೋಜ ಕ್ಲಾಸಿಗೇ ಫಸ್ಟು. ಅವನೂ ಎರಡು ಸಲ ಫೇಲಾಗಿದ್ದಾನಂತೆ! ಸುಳ್ಳ! ಅವನದ್ದನ್ನು ಹರಿದು ಬಿಸಾಡ್ತೇನೆ."

ಜಲಜಾಕ್ಷಿಯಮ್ಮ ಕೈ ಚಾಚಿ ಆ ಕಾಗದವನ್ನು ತೆಗೆದುಕೊಂಡರು.

"ಫಸ್ಟ್ ಬಂದ ಹುಡುಗ ಫೇಲು ಅಂತ ಬರೀಬೇಕಾದರೆ ಅವನ ಮನೆಯಲ್ಲಿ ಎಷ್ಟು ಕಷ್ಟ ಇರಬೇಡ ಮಾಸ್ಟ್ರೇ? ಅವನನ್ನೇ ಕರೆಯಿರಿ. ಬರುವಾಗ ಹಸಿದುಕೊಂಡು ಬರಲಿಕ್ಕೆ ಹೇಳಿ."