ಮಾನ್‌ಸೊಕ್ ಗದ್ದೆಯ ಸಹಾಯಧನ ಯಾರಿಗೆ?

"ಆ ಮುದ್ರೆ ಕೊಡೇ ಇಲ್ಲಿ! ಅಣ್ಣನ ಎದುರು ಮಾನ ಕಳೀಬೇಡ."

"ಕೊಡಲ್ಲ! ನಮ್ಮ ಹೊಟ್ಟೆ ಮೇಲೆ ನೀವೇ ಕಲ್ಲು ಹಾಕ್ಕೊಳ್ಳೋಕೆ ನಾನು ಮುದ್ರೆ ಬೇರೆ ಕೊಡ್ಬೇಕಾ?"

ಬೊಕ್‌ಸೂನ್ ಸಹಿಯ ಬದಲು ಒತ್ತುವ, ಗಂಡನ ಹೆಸರಿನ ಮುದ್ರೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಗಂಡ ಮಾನ್‌ಸೊಕ್ ಬೆವರುತ್ತಿದ್ದ. ಊಟದ ಮೇಜಿನ ಮುಂದೆ ಕಿಮ್ಚಿ ಉಪ್ಪಿನಕಾಯಿ ಜಗಿಯುತ್ತ ಕುಳಿತವನು ತೇಗ್ಯು, ಮಾನ್‌ಸೊಕ್‌ನ ದೊಡ್ಡಪ್ಪನ ಮಗ.

ಗದ್ದೆ ತೇಗ್ಯುವಿನದು, ಅವನಿರುವುದು ರಾಜಧಾನಿ ಸೋಲ್ ನಗರದಲ್ಲಿ. ಉಳುಮೆ, ನಾಟಿ, ಕೊಯ್ಲು ಎಲ್ಲ ಮಾನ್‌ಸೊಕ್‌ನದು. ಸುಗ್ಗಿಯಾದ ಮೇಲೆ ಗೇಣಿ ಅಕ್ಕಿಯ ಮೂಟೆಗಳು ಸೋಲ್‌ಗೆ ಹೋಗುತ್ತವೆ. ಪತ್ರ ಇಲ್ಲ, ಅಣ್ಣತಮ್ಮಂದಿರಲ್ಲವೇ ಎಂದು ಎಲ್ಲ ಬಾಯಿಮಾತು. ನಮ್ಮ ಕೌಂಟಿಯಲ್ಲಿ ಯಾವ ಊರಿಗೆ ಹೋದರೂ ಇದೇ ಕಥೆ.

ಸರ್ಕಾರ ವರ್ಷಕ್ಕೊಮ್ಮೆ ಬೆಳೆಗಾರರಿಗೆ ಕೊಡುವ ಸಹಾಯಧನವನ್ನು ಇಷ್ಟು ವರ್ಷ ತೇಗ್ಯು ನುಂಗಿದ. ಈ ಸಲ ಕಚೇರಿಯವರು ಸಾಕ್ಷಿ ಕೇಳಿದರು. ಈ ಗದ್ದೆಯಲ್ಲಿ ಬೆಳೆಯುವವನು ತೇಗ್ಯುವೇ ಎಂದು ಊರಿನವರು ಮುದ್ರೆ ಒತ್ತಬೇಕು. ಅದಕ್ಕೆ ಅವನಿಗೆ ಸಿಕ್ಕವನು ಯಾರು? ಮಾನ್‌ಸೊಕ್! ನಾಚಿಕೆ ಬೇಡವೇ ಮನುಷ್ಯನಿಗೆ?

ಬೊಕ್‌ಸೂನ್ ಗೋಡೆಯಾಚೆ ಕೂಗಿ ಊರ ಮುಖ್ಯಸ್ಥೆ ಓಕ್ಜಾಳನ್ನು ಕರೆದಳು.

"ಏನ್ರೋ ಇದು? ಬೀದಿ ಕೊನೇವರೆಗೂ ಕೇಳಿಸ್ತಿದೆ," ಎನ್ನುತ್ತಲೇ ಓಕ್ಜಾ ಬಂದಳು.

"ಮನೆ ಮಾತು ಅಕ್ಕ," ತೇಗ್ಯು ನಕ್ಕ. "ಕೂತ್ಕೊಳ್ಳಿ, ಒಂದ್ ಲೋಟ ಅಕ್ಕಿ ಹೆಂಡ ಕುಡೀರಿ."

"ಕುಡಿಯೋಕೆ ಬಂದಿಲ್ಲ. ನೀನು ಕೆಸರಿಗೆ ಇಳಿದು ಎಷ್ಟು ವರ್ಷ ಆಯ್ತಪ್ಪ? ಹೊರಗೆ ಬಿಟ್ಟಿರೋ ಬೂಟಲ್ಲಿ ಮುಖ ನೋಡ್ಕೋಬಹುದು!"

ಮಾನ್‌ಸೊಕ್ ದನಿ ತಗ್ಗಿಸಿದ. "ಸುಮ್ನಿರಿ ಅಕ್ಕ. ದುಡ್ಡು ಹೋದ್ರೆ ಹೋಗ್ಲಿ, ಗದ್ದೆ ಉಳೀಲಿ. ಸಸಿ ನಾಟಿಗೆ ಬಂದು ನಿಂತಿದೆ. ಈಗ ಕಿತ್ಕೊಂಡ್ರೆ ಎಲ್ಲಿ ನೆಡ್ಲಿ?"

"ಸುಳ್ಳಿಗೆ ಮುದ್ರೆ ಒತ್ತಿದ್ರೆ ನೀನೂ ಸಿಕ್ಕಿಹಾಕ್ಕೋತೀಯ. ಸಹಾಯಧನ ಗದ್ದೆ ಇದ್ದೋನಿಗಲ್ಲ ಕಣೋ, ಬೆಳೆಯೋನಿಗೆ. ಗೇಣಿ ಪತ್ರ ಇಲ್ದಿದ್ರೂ ನಾನು, ಪಕ್ಕದ ಗದ್ದೆಯವರು ಬರ್ಕೊಡ್ತೀವಿ. ಅರ್ಜಿ ನೀನೇ ಹಾಕು."

"ಗದ್ದೆ ಬಿಡಿಸಿಬಿಟ್ರೆ?"

"ಗೇಣಿಗೆ ಕೊಟ್ಟ ಗದ್ದೇನ ಮನಸ್ಸು ಬಂದಾಗ ಬಿಡಿಸೋ ಹಾಗಿಲ್ಲ, ಕಾನೂನಿದೆ. ಬಿಡಿಸಿದ್ರೂ ಇವನು ಉಳ್ತಾನಾ? ಬೀಳು ಬಿಟ್ರೆ ಗದ್ದೆ ಮಾರು ಅಂತ ಕೌಂಟಿ ಕಚೇರಿಯಿಂದಲೇ ನೋಟಿಸ್ ಬರುತ್ತೆ."

ತೇಗ್ಯುವಿನ ನಗು ಆರಿತು. "ತಾತನ ಗದ್ದೆ ಅದು. ತಮ್ಮ ಅಂತ ಕೊಟ್ಟೆ. ಇವತ್ತು ಒತ್ತಲ್ಲ ಅಂದ್ರೆ, ಇನ್ಮೇಲೆ ನನ್ನನ್ನ ಅಣ್ಣ ಅನ್ನಬೇಡ."

ಬೊಕ್‌ಸೂನ್ ಗಂಡನ ಮುಂದೆ ಬಂದು ಮುಷ್ಟಿ ಬಿಚ್ಚಿದಳು. "ತಗೊಳ್ಳಿ. ನಿಮ್ಮ ಹೆಸರು, ನಿಮ್ಮ ಕೈ."

ಮಾನ್‌ಸೊಕ್ ಮುದ್ರೆ ತೆಗೆದುಕೊಂಡ. ಬಹಳ ಹೊತ್ತು ಅದನ್ನು ಬೆರಳುಗಳ ನಡುವೆ ಉರುಳಿಸಿದ. ಆಮೇಲೆ ತನ್ನ ಜೇಬಿಗೆ ಹಾಕಿಕೊಂಡ.

"ಗೇಣಿ ಅಕ್ಕಿ ಎಂದಿನ ಹಾಗೇ ಬರುತ್ತೆ ಅಣ್ಣ. ಇದಕ್ಕೆ ಮಾತ್ರ ಒತ್ತಲ್ಲ."

ತೇಗ್ಯು ಚಮಚ ಎಸೆದು ಎದ್ದ. ಬೂಟಿನ ದಾರವನ್ನೂ ಕಟ್ಟದೆ ಅಂಗಳ ದಾಟಿದ. ಮಾರನೆಯ ಬೆಳಿಗ್ಗೆ ಗಂಡ ಹೆಂಡತಿ ಕಚೇರಿಗೆ ಹೋಗಿ ಅರ್ಜಿ ಕೊಟ್ಟರು.

ಬೇರೆಯವರ ಗದ್ದೆ ಉಳುವವರೇ, ಕೇಳಿ. ಬೆವರು ನಿಮ್ಮದಾದರೆ ಸಹಾಯಧನವೂ ನಿಮ್ಮದೇ. ಗೇಣಿಯನ್ನು ಬರೆಸಿಕೊಳ್ಳಿ. ಅರ್ಜಿಯ ದಿನ ಮುಗಿಯುವ ಮೊದಲು ನಿಮ್ಮ ಹೆಸರಲ್ಲೇ ಅರ್ಜಿ ಹಾಕಿ. ನೆಂಟರು, ಹಿರಿಯರು ಎಂಬ ದಾಕ್ಷಿಣ್ಯಕ್ಕೆ ಸುಳ್ಳು ಸಾಕ್ಷಿ ಹೇಳಬೇಡಿ. ಭಯವಾಗುತ್ತದೆ, ಗೊತ್ತು. ಒಬ್ಬರೇ ಹೋಗಬೇಡಿ, ಅಕ್ಕಪಕ್ಕದವರನ್ನು ಕರೆದುಕೊಂಡು ಹೋಗಿ.

ಎಲ್ಲ ಸುಖವಾಗಿ ಮುಗಿಯಿತು ಎಂದು ನಾನು ಸುಳ್ಳು ಹೇಳುವುದಿಲ್ಲ. ಸಹಾಯಧನವೇನೋ ಮಾನ್‌ಸೊಕ್‌ನ ಖಾತೆಗೆ ಬಂತು. ಆದರೆ ಅದಕ್ಕೂ ಮೊದಲು, ಸುಗ್ಗಿ ಹಬ್ಬದ ಮುಂಚೆ ಅಣ್ಣತಮ್ಮಂದಿರು ಸೇರಿ ತಾತನ ಗೋರಿಯ ಹುಲ್ಲು ಕೊಯ್ಯುವ ದಿನ, ಅವನೊಬ್ಬನೇ ಕೊಯ್ದ. ದಾರಿಯಲ್ಲಿ ಕಾರಿನ ಸದ್ದಾದಾಗಲೆಲ್ಲ ಕುಡುಗೋಲು ನಿಲ್ಲಿಸಿ ನೋಡಿದ. ತೇಗ್ಯು ಬರಲಿಲ್ಲ.