ಗುರಾಣಿಯ ಪಕ್ಕದಲ್ಲಿ ನಿಂತ ಆಯುಧಪೂಜೆ

ನಾನು ಒಂದು ಕ್ಷಿಪಣಿ. ತಲೆಯಲ್ಲಿ ಅಣುಬಾಂಬು ಹೊರಲೆಂದೇ ಹುಟ್ಟಿದವನು. ಕಾರ್ಖಾನೆಯಲ್ಲಿ ಮೈಗೆ ಹಸಿರು ಬಣ್ಣ ಬಳಿದು, ಹದಿನಾರು ಚಕ್ರದ ಲಾರಿಯ ಮೇಲೆ ಮಲಗಿಸಿ, ಮರಳುಗಾಡಿನ ಅಂಚಿನ ಶೆಡ್ಡಿಗೆ ತಂದರು. ಅಲ್ಲಿ ನನ್ನನ್ನು ನೋಡಿಕೊಂಡವರು ಗೋಕಾಕದ ಕಡೆಯ ಸುಬೇದಾರ್ ಅಡಿವೆಪ್ಪ.

ನನ್ನ ಕೆಲಸ ಸುಮ್ಮನಿರುವುದು. ಆಚೆ ದೇಶದಲ್ಲೂ ನನ್ನಂಥವರಿದ್ದರು. ಒಬ್ಬ ಹೊಡೆದರೆ ಇಬ್ಬರೂ ಬೂದಿ. ಆ ಹೆದರಿಕೆಯಿಂದಲೇ ಎರಡೂ ಕಡೆಯ ಜನ ಉಂಡು ಮಲಗುತ್ತಿದ್ದರು. ಆಯುಧಪೂಜೆಗೆ ಮಾತ್ರ ಅಡಿವೆಪ್ಪ ನನ್ನನ್ನು ಲಾರಿಯ ಮೇಲೆ ಮಲಗಿದಂತೆಯೇ ಬಯಲಿಗೆ ತರಿಸಿ, ಮೈ ಒರೆಸಿ, ಚೆಂಡುಹೂವಿನ ಮಾಲೆ ಹಾಕಿ, ಬೂದುಗುಂಬಳ ಒಡೆಯುತ್ತಿದ್ದರು. ಹನ್ನೊಂದು ವರ್ಷದಲ್ಲಿ ಆಚೆಯವರ ಉಪಗ್ರಹಕ್ಕೂ ಅದು ರೂಢಿಯಾಗಿತ್ತು.

ಆಮೇಲೆ ಪಕ್ಕದ ಶೆಡ್ಡಿಗೆ ಬಂದ ನೋಡಿ, ಅವನು! ಬೆಳ್ಳಗೆ, ಸಪೂರವಾಗಿ, ಹೊಸ ಮದುಮಗನ ಹಾಗೆ. ಶತ್ರುವಿನ ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆದು ಉರುಳಿಸುವವನಂತೆ. ಅವನ ಅಣ್ಣತಮ್ಮಂದಿರನ್ನು ಪರೀಕ್ಷೆಗೆ ಹಾರಿಸಿದಾಗ ರಾಜಧಾನಿಯಿಂದ ಬಂದವರು ಚಪ್ಪಾಳೆ ತಟ್ಟಿ ಪೇಢೆ ಹಂಚಿದರು. ಮುಂಚೆ ಬಂದ ಕಿವಿಗಿಂತ ಹಿಂದೆ ಬಂದ ಕೊಂಬೇ ಹೆಚ್ಚಾಯಿತು. ನನಗೆ ಹೊಟ್ಟೆ ಉರಿದುಹೋಯಿತು.

ಆ ವರ್ಷ ಪೂಜೆ ಅವನೊಬ್ಬನಿಗೇ ಎಂದು ಕರ್ನಲ್ ಹೇಳಿದರು. ಅಡಿವೆಪ್ಪ ಬಿಡಲಿಲ್ಲ.

"ಸಾಹೇಬ್ರ, ಹಿರ್ಯಾರನ್ನ ಒಳಗ ಕುಂಡ್ರಿಸಿ ಕಿರ್ಯಾರಿಗೆ ಮಾಲಿ ಹಾಕೂದು ಯಾವ ನ್ಯಾಯರೀ?"

ಕರ್ನಲ್ ನಕ್ಕು ಒಪ್ಪಿ ಹೋದರು. ಇಬ್ಬರನ್ನೂ ಬಯಲಿಗೆ ತಂದರು. ಅವನು ಆಗಲೇ ಮೂತಿ ಎತ್ತಿ ನಿಂತಿದ್ದ. ಅಡಿವೆಪ್ಪನವರಿಗೆ ಅದನ್ನು ಸಹಿಸಲಾಗಲಿಲ್ಲ. "ನಿನ್ನ ಮಾಲಿ ಅವನ್ಕಿಂತ ಎತ್ತರದಾಗ ಇರಬೇಕ ನೋಡು" ಎಂದವರೇ ಲಿವರ್ ಎಳೆದು ನನ್ನನ್ನು ನೆಟ್ಟಗೆ ನಿಲ್ಲಿಸಿಬಿಟ್ಟರು. ನಾನು ಹಿಗ್ಗಿದ್ದೇ ಹಿಗ್ಗಿದ್ದು.

ಅರ್ಧ ತಾಸಿನಲ್ಲಿ ಕರ್ನಲ್ ಓಡಿ ಬಂದರು. ನಾನು ನೆಟ್ಟಗೆ ನಿಂತದ್ದನ್ನು ಉಪಗ್ರಹದಲ್ಲಿ ಕಂಡು ಆಚೆಯವರೂ ತಮ್ಮ ಆರು ಕ್ಷಿಪಣಿಗಳನ್ನು ಎತ್ತಿ ನಿಲ್ಲಿಸಿದ್ದರು. ಅವರು ತಿಳಿದದ್ದರಲ್ಲಿ ತಪ್ಪೇನಿತ್ತು? ಗುರಾಣಿ ಇಲ್ಲದವನು ಈಟಿ ಎತ್ತಿದರೆ ಬೆದರಿಕೆ ಅನ್ನಬಹುದು. ಗುರಾಣಿ ಹಿಡಿದು ಈಟಿ ಎತ್ತಿದವನು, ತಿರುಗಿ ಬರುವ ಏಟನ್ನು ತಡೆಯುತ್ತೇನೆಂಬ ಧೈರ್ಯದಲ್ಲಿ ಹೊಡೆದೇ ಹೊಡೆಯುತ್ತಾನೆ. ಅದಕ್ಕೆ ಅವರೇ ಮೊದಲು ಹೊಡೆಯಲು ಸಿದ್ಧರಾಗಿದ್ದರು.

"ಮೊದಲು ಅದನ್ನ ಮಲಗಿಸ್ರೀ!" ಎಂದ ಕರ್ನಲ್ ಫೋನಿನಲ್ಲಿ, "ಇಲ್ಲಿ ಪೂಜೆ ನಡೀತಿದೆ, ಬರೀ ಪೂಜೆ ಅಂತ ಅವರಿಗೆ ತಿಳಿಸಿ" ಎಂದು ಕೂಗತೊಡಗಿದರು.

ನನ್ನನ್ನು ಮಲಗಿಸಲು ಹದಿನೆಂಟು ನಿಮಿಷ ಬೇಕು. ಅವರದು ಇಲ್ಲಿಗೆ ಬರಲು ಎಂಟೇ ಸಾಕು. ಅಡಿವೆಪ್ಪ ಲಿವರನ್ನು ಹಿಂದಕ್ಕೆ ತಳ್ಳಿ ಹಿಡಿದರು. "ನನ್ನ ಹೊಟ್ಟಿಕಿಚ್ಚಿಗೆ ಊರೆಲ್ಲಾ ಸುಡತೈತೇನೋ ಯಪ್ಪಾ" ಎಂದು ಅತ್ತರು. ನಾನು ಪಕ್ಕಕ್ಕೆ ನೋಡಿದೆ. ಆರರಲ್ಲಿ ಇವನು ಎಷ್ಟನ್ನು ತಡೆದಾನು? ಅವನೂ ಬೆವರಿದ್ದ.

ಬೆನ್ನು ಲಾರಿಗೆ ತಾಗಿದ ಮೇಲೆ ಆಚೆಯವರೂ ಇಳಿಸಿದರು. ಆದರೆ ಮೊದಲಿನ ನೆಮ್ಮದಿ ಮರಳಲಿಲ್ಲ. ಆಕಾಶದಲ್ಲೇ ತಡೆಯುವ ಅವನನ್ನು ದಾಟಲೆಂದು ಅವರು ಆರನ್ನು ಅರವತ್ತು ಮಾಡಿದರು. ಅಡಿವೆಪ್ಪನವರನ್ನು ಉಗ್ರಾಣಕ್ಕೆ ಹಾಕಿದರು.

ಈಗ ನನಗೆ ವಯಸ್ಸಾಗಿದೆ. ಒಳಗಿನದನ್ನೆಲ್ಲ ತೆಗೆದು ಸೇನೆಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಲ್ಲಿಸಿದ್ದಾರೆ. ಪಕ್ಕದಲ್ಲಿ ಅವನೇ, ಇಲ್ಲೂ ಬಿಡಲಿಲ್ಲ. ಮೊನ್ನೆ ಆಯುಧಪೂಜೆಗೆ ಅಡಿವೆಪ್ಪ ಒಂದು ಮಾಲೆ ಹಿಡಿದು ಮೊಮ್ಮಗಳೊಂದಿಗೆ ಬಂದಿದ್ದರು.

"ಅಜ್ಜಾ, ಇದು ಹಾರಿತ್ತೇನು?"

"ಇಲ್ಲವಾ. ಆ ಬಾಜೂದ ಬಿಳೇದರ ಅಣ್ಣತಮ್ಮರು ಹಾರ್ಯಾರ ನೋಡು."

ಹುಡುಗಿ ಅವನ ಕಡೆ ಓಡಿ, ಮಾಲೆಯನ್ನು ಅವನಿಗೇ ಹಾಕಿ ಚಪ್ಪಾಳೆ ತಟ್ಟಿದಳು. ಈ ವಯಸ್ಸಿನಲ್ಲೂ ನನಗೆ ಹೊಟ್ಟೆ ಉರಿಯಿತು. ಅಡಿವೆಪ್ಪ ನನ್ನ ಬುಡಕ್ಕೆ ಅಂಗೈ ಊರಿ ನಿಂತಿದ್ದರು. ನಾನು ಹಾರಿದ್ದರೆ ಆ ಹುಡುಗಿ ಹುಟ್ಟುತ್ತಲೇ ಇರಲಿಲ್ಲ.